ಎರಡು ಹಲ್ಲಿನ ಮಾತು

ಕುಣಿಗಲ್ಲಿನ ಒಂದು ಬೀದಿಯಲ್ಲಿ ನೇತ್ರಾವತಿ ಸೀರೆ ಮಾರುವವಳು. ಹೆಗಲಿಗೆ ಸದಾ ಒಂದು ದಪ್ಪ ಬ್ಯಾಗು ನೇತಾಡುತ್ತಿರುವುದರಿಂದ ಅಲ್ಲಿಯವರು ಹಾಗೆಂದು ತೀರ್ಮಾನಿಸಿದ್ದಾರೆ. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಅವಳು ಇನ್ಶೂರೆನ್ಸ್ ಏಜೆಂಟ್. ಗುಬ್ಬಿಯ ಒಂದು ಓಣಿಯಲ್ಲಂತೂ ಗಂಡು ಹೆಣ್ಣು ಜೋಡಿಸುವವಳು. ಅಲ್ಲಿ ಒಬ್ಬ ತಾಯಿ ಮಗನ ಜಾತಕವನ್ನು ಎರಡು ಸಲ ಅವಳ ಕೈಗೆ ತುರುಕಿದ್ದಾರೆ, ಎರಡನೇ ಸಲ ಫೋಟೋ ಸಮೇತ.

ನಿಜದಲ್ಲಿ ಅವಳು ಸ್ಪೀಚ್ ಥೆರಪಿಸ್ಟ್. ಪಾರ್ಶ್ವವಾಯು ಹೊಡೆದು ಮಾತು ಹೋದವರು, ತೊದಲುವವರು, ಕಿವಿ ಮಂದವಿರುವ ಮಕ್ಕಳು, ಇಂಥವರ ಮನೆಗೆ ಹೋಗಿ ಮಾತು ಕಲಿಸುವುದು ಅವಳ ಕೆಲಸ. ತುಮಕೂರಿನ ಸಣ್ಣದೊಂದು ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಸೋಮವಾರ ಮತ್ತು ಗುರುವಾರ ಗುಬ್ಬಿ, ಮಂಗಳವಾರ ಮತ್ತು ಶುಕ್ರವಾರ ಕುಣಿಗಲ್. ಗುಬ್ಬಿಗೆ ಸ್ಕೂಟರಿನಲ್ಲಿ ಹೋಗುತ್ತಾಳೆ. ಹೋಗಬೇಕಾದ ಮನೆಯ ಮುಂದೆ ಅದನ್ನು ನಿಲ್ಲಿಸುವುದಿಲ್ಲ. ಎರಡು ಬೀದಿ ಆಚೆ, ಹಾಲಿನ ಡೇರಿಯ ಪಕ್ಕ ನಿಲ್ಲಿಸಿ ನಡೆದು ಬರುತ್ತಾಳೆ. ಗಾಡಿಗೆ ಅಂಟಿಸಲು ಸಂಸ್ಥೆ ಕೊಟ್ಟ ಸ್ಟಿಕ್ಕರು ಇನ್ನೂ ಅವಳ ಮೇಜಿನ ಡ್ರಾಯರಿನಲ್ಲೇ ಇದೆ. "ಯಾರ್ ಮನೆಗ್ ಬಂದಿದ್ರಿ?" ಎಂದು ಯಾರಾದರೂ ಕೇಳಿದರೆ "ಇಲ್ಲೇ, ಗೊತ್ತಿರೋರ ಮನೆಗೆ" ಎನ್ನುತ್ತಾಳೆ. ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ.

ಈ ಅಭ್ಯಾಸ ಬಂದದ್ದು ಹುಟ್ಟೂರು ಮಾರ್ಕೋನಹಳ್ಳಿಯಿಂದ. ತಮ್ಮ ಅಂಜನ್‌ಕುಮಾರ್ ಚಿಕ್ಕಂದಿನಲ್ಲಿ ತೊದಲುತ್ತಿದ್ದ. 'ಕ' ಬಂದರೆ ಬಾಯಿ ಕಟ್ಟುತ್ತಿತ್ತು, ಹೈಸ್ಕೂಲು ಇದ್ದದ್ದು ಕುಣಿಗಲ್ಲಿನಲ್ಲಿ. ಮೊದಲ ದಿನ ಬಸ್ಸು ಹತ್ತಿಸಲು ಬಂದ ಅವರಮ್ಮ ಕಿಟಕಿಯಿಂದಲೇ ಕೂಗಿ ಹೇಳಿದ್ದರು: "ಕಂಡಕ್ಟ್ರಪ್ಪ, ನಮ್ ಹುಡ್ಗ ತೊದಲ್ತಾನೆ. ಕುಣಿಗಲ್ ಅನ್ನೋಕೆ ಅವನ್ಗೆ ಬರಕಿಲ್ಲ. ನೀನೇ ಟಿಕೆಟ್ ಹರ್ದ್‌ಕೊಟ್ಬುಡು." ಪ್ರೀತಿಯಿಂದಲೇ ಹೇಳಿದ್ದು. ಇಡೀ ಬಸ್ಸು ತಿರುಗಿ ನೋಡಿತು. ಮಾರನೇ ದಿನದಿಂದ ಅಂಜನ್‌ಕುಮಾರ್ ಸೈಕಲ್ ತುಳಿದ, ಮೂರು ವರ್ಷ. ಈಗ ಅವನೇ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ದಿನಕ್ಕೆ ನೂರು ಸಲ ಕುಣಿಗಲ್ ಕುಣಿಗಲ್ ಎಂದು ಕೂಗುತ್ತಾನೆ. ಮೊದಲ 'ಕು' ಈಗಲೂ ಸ್ವಲ್ಪ ಉದ್ದವಾಗುತ್ತದೆ. ಅದು ಅವನ ಸ್ಟೈಲು ಎಂದು ಪ್ರಯಾಣಿಕರು ತಿಳಿದಿದ್ದಾರೆ.

ಇಷ್ಟು ಹುಷಾರಾಗಿದ್ದ ನೇತ್ರಾವತಿ ಬೆಟ್ಟಯ್ಯನವರ ವಿಷಯದಲ್ಲಿ ಎಡವಿದಳು. ಎಡವಿದ್ದು ಒಂದೇ ಒಂದು ಪದಕ್ಕೆ.

ಬೆಟ್ಟಯ್ಯ ಗುಬ್ಬಿಯವರು. ಅರವತ್ತೆಂಟು ವರ್ಷ. ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು. ಕಳೆದ ಕಾರ್ತಿಕದಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತು, ಮಾತು ಹೋಯಿತು. ಹೋಗುವಾಗ ಒಂದೇ ಒಂದು ಪದವನ್ನು ಬಿಟ್ಟುಹೋಯಿತು: ಆಯ್ತು. ಬೇರೆಯವರು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗುತ್ತಿತ್ತು. ತಿರುಗಿ ಹೇಳಹೊರಟರೆ ಮಾತ್ರ ಬಾಯಿಗೆ ಬರುತ್ತಿದ್ದುದು ಅದೊಂದೇ. ತಲೆಯೂ ಅದರ ತಾಳಕ್ಕೇ ಆಡುತ್ತಿತ್ತು. ಊಟ ಮಾಡ್ತೀರಾ? ಆಯ್ತು. ಮಾಡಲ್ವಾ? ಆಯ್ತು.

ಹೆಂಡತಿ ಚಿಕ್ಕಗಂಗಮ್ಮನಿಗೆ ಇದರಲ್ಲಿ ಒಂದು ಬಗೆಯ ಸಮಾಧಾನವೂ ಸಿಕ್ಕಿತ್ತು. "ಮದ್ವೆಯಾಗಿ ನಲವತ್ತೈದು ವರ್ಸ ಆತು ಮೇಡಮ್ಮ. ನಾನ್ ಯೋಳಿದ್ದಕ್ಕೆ ಒಂದಿನ ಆಯ್ತು ಅಂದೋರಲ್ಲ. ಈಗ ನೋಡಿ, ದೇವ್ರಂಗೆ ಕುಂತವ್ರೆ." ಮಗ ರವೀಶ್‌ಗೆ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ. ಅಪ್ಪನ ಮೇಲೆ ಅಪಾರ ಅಭಿಮಾನ ಇರುವ ಮಗ. ಎಲ್ಲವನ್ನೂ ಅಪ್ಪನನ್ನು ಕೇಳಿಯೇ ಮಾಡುತ್ತಿದ್ದ. ಮನೆಗೆ ಗಿಳಿ ಹಸಿರು ಬಣ್ಣ ಹೊಡೆಸ್ಲಾ ಎಂದು ಕೇಳಿದ. ಆಯ್ತು. ಒಳಗೂ ಅದೇ ಬಣ್ಣ ಇರ್ಲಾ? ಆಯ್ತು. ಹೀಗೆ ಗುಬ್ಬಿಯ ಆ ಬೀದಿಯ ತುದಿಯಲ್ಲಿ, ಒಳಗೂ ಹೊರಗೂ ಗಿಳಿ ಹಸಿರಾದ ಒಂದು ಮನೆ ಎದ್ದು ಕಾಣುತ್ತಿತ್ತು.

ನೇತ್ರಾವತಿ ಮೊದಲ ಸಲ ಆ ಮನೆಗೆ ಹೋದ ದಿನ ಫೈಲು ತೆರೆದಳು. ಸಂಸ್ಥೆಯ ಫೈಲಿನಲ್ಲಿ ಮೊದಲ ಹಾಳೆ ಒಪ್ಪಿಗೆ ಪತ್ರ. ಅದರಲ್ಲಿ ಮೂರು ಪ್ರಶ್ನೆ: ನಿಮ್ಮ ವಿವರಗಳನ್ನು ಬರೆದಿಟ್ಟುಕೊಳ್ಳಬಹುದೇ? ವಿಡಿಯೋ ತೆಗೆದು ಇಲ್ಲಿ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ತೋರಿಸಬಹುದೇ? ಸಾರ್ವಜನಿಕರಿಗೆ ತೋರಿಸಬಹುದೇ? ಅವಳು ಒಂದೊಂದನ್ನೂ ನಿಧಾನವಾಗಿ ಓದಿ ಹೇಳಿದಳು. ಬೆಟ್ಟಯ್ಯ ಮೂರಕ್ಕೂ ಆಯ್ತು ಎಂದರು. ಮೂರೂ ಚೌಕಗಳಲ್ಲಿ ರೈಟ್ ಗುರುತು ಬಿತ್ತು. ಎಡಗೈ ಹೆಬ್ಬೆಟ್ಟನ್ನು ರವೀಶ್ ಇಂಕಿಗೆ ಅದ್ದಿ ಒತ್ತಿಸಿದ.

ಐದು ತಿಂಗಳು ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ದಿನ ಅವಳ ಜೊತೆ ಎಣಿಸುತ್ತಾ ಎಣಿಸುತ್ತಾ ಬೆಟ್ಟಯ್ಯ ಒಂದರಿಂದ ಹತ್ತರವರೆಗೆ ಹೇಳಿಬಿಟ್ಟರು. ನಾಲ್ಕರ ಹತ್ತಿರ ನಾಲಿಗೆ ಹೊರಳಲಿಲ್ಲ. ಬಾಯಿ ಅಗಲ ತೆರೆದು, ಕತ್ತಿನ ನರ ಉಬ್ಬಿಸಿ, ಅದನ್ನೂ ಎಳೆದು ತಂದರು. ಚಿಕ್ಕಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಎಲ್ಲರಿಗೂ ಪಾಯಸ ಮಾಡಿದರು. ನೇತ್ರಾವತಿಯ ಮೊಬೈಲಿನಲ್ಲಿ ಅದು ವಿಡಿಯೋ ಆಗಿ ಉಳಿಯಿತು, ಅಲ್ಲಿಂದ ಆಫೀಸಿಗೆ ಹೋಯಿತು.

ಸಂಸ್ಥೆಯ ಮುಖ್ಯಸ್ಥ ಗಂಗಾಧರ್ ಅದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತರಂತೆ. ಸಂಸ್ಥೆಯ ವಾರ್ಷಿಕೋತ್ಸವ ಆ ವರ್ಷ ಗುಬ್ಬಿಯ ಒಂದು ಸಭಾಂಗಣದಲ್ಲಿ, ಭಾನುವಾರ. ವಿಡಿಯೋವನ್ನು ವೇದಿಕೆಯ ಮೇಲೆ ದೊಡ್ಡ ಪರದೆಯಲ್ಲಿ ತೋರಿಸುವುದು, ಬಾಗಿಲ ಬಳಿ ಹತ್ತು ಅಡಿಯ ಫ್ಲೆಕ್ಸ್ ಕಟ್ಟುವುದು ಎಂದು ತೀರ್ಮಾನವಾಯಿತು. ಫ್ಲೆಕ್ಸ್ ಮೇಲೆ ನಾಲ್ಕು ಎನ್ನಲು ಬಾಯಿ ತೆರೆದ ಬೆಟ್ಟಯ್ಯನವರ ಮುಖ, ಕೆಳಗೆ 'ಮರಳಿ ಬಂತು ಮಾತು'.

ಸೋಮವಾರ ನೇತ್ರಾವತಿ ಆ ಫ್ಲೆಕ್ಸಿನ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದಳು. ರವೀಶ್ ಅದನ್ನು ಬೆರಳಲ್ಲಿ ಹಿಗ್ಗಿಸಿ ಅಪ್ಪನ ಮುಂದೆ ಹಿಡಿದ. "ನೋಡಪ್ಪ, ಸಂತೆಯೋರೆಲ್ಲಾ ಬರ್ತಾರೆ ಭಾನ್ವಾರ. ಹೀರೋ ಆಗ್ಬುಟ್ಟೆ."

ಬೆಟ್ಟಯ್ಯ ಬಹಳ ಹೊತ್ತು ನೋಡಿದರು. "ಆಯ್ತು," ಎಂದರು. ಆಮೇಲೆ ಹೆಗಲ ಮೇಲಿದ್ದ ಟವೆಲನ್ನು, ತಮ್ಮ ವಲ್ಲಿಯನ್ನು, ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿ ಕುಳಿತರು. ಅವತ್ತು ಎಣಿಸಲಿಲ್ಲ. ಗುರುವಾರವೂ ಬಾಯಿ ತೆರೆಯಲಿಲ್ಲ.

"ಮೂರು ದಿನದಿಂದ ಜಗ್ಲಿಗೂ ಬಂದಿಲ್ಲ ಕಣವ್ವ," ಎಂದರು ಚಿಕ್ಕಗಂಗಮ್ಮ. "ಕಾಪಿ ಕುಡಿಯೋವಾಗ್ಲೂ ವಲ್ಲಿ ಅಡ್ಡ ಹಿಡ್ಕಂತಾರೆ. ಹಲ್ಲಾಗೇನಾರ ನೋವೈತಾ, ನೋಡಿ."

ಹಲ್ಲಿನಲ್ಲಿ ನೋವಿರಲಿಲ್ಲ. ನೇತ್ರಾವತಿ ಜಗುಲಿಯ ಮೇಲೆ ಕುಳಿತು ಫೈಲು ತಿರುವಿದಳು. ನಾಲ್ಕನೇ ಹಾಳೆಯಲ್ಲಿ ಅವಳ ಕೈ ನಿಂತಿತು. ಅದು ಮೂರನೇ ಭೇಟಿಯಲ್ಲಿ ಮಾಡಿದ ಪರೀಕ್ಷೆಯ ಹಾಳೆ. 'ನಿಮ್ಮ ಹೆಸರು ಗೋವಿಂದರಾಜು ಅಲ್ಲವೇ? ಆಯ್ತು. ನಾವೀಗ ರೈಲಿನಲ್ಲಿ ಕೂತಿದ್ದೇವೆಯೇ? ಆಯ್ತು.' ಅದರ ಕೆಳಗೆ ಅವಳದೇ ದುಂಡಗಿನ ಅಕ್ಷರದಲ್ಲಿ: 'ತೋರಿಸು ಎಂದದ್ದನ್ನೆಲ್ಲ ಸರಿಯಾಗಿ ತೋರಿಸುತ್ತಾರೆ. ಹೌದು, ಅಲ್ಲ ಎಂಬ ಉತ್ತರಗಳನ್ನು ಮಾತ್ರ ನಂಬುವಂತಿಲ್ಲ.' ಅವಳು ಮೊದಲ ಹಾಳೆಗೆ ಮರಳಿದಳು. ಅದೇ ದುಂಡಗಿನ ಅಕ್ಷರ, ಮೂರು ರೈಟ್ ಗುರುತು. ಐದು ತಿಂಗಳು ಈ ಎರಡು ಹಾಳೆಗಳು ಒಂದೇ ಫೈಲಿನಲ್ಲಿ, ಎರಡು ಹಾಳೆಯ ಅಂತರದಲ್ಲಿ ಇದ್ದವು. ನಾಲ್ಕನೆಯದನ್ನು ಬರೆದವಳು ಒಂದನೆಯದನ್ನು ತಿರುಗಿ ನೋಡಿರಲಿಲ್ಲ.

ಗಂಗಾಧರ್‌ಗೆ ಅಲ್ಲಿಂದಲೇ ಫೋನು ಮಾಡಿದಳು.

"ಫಾರಂನಲ್ಲಿ ಒಪ್ಪಿದ್ದಾರಲ್ಲಮ್ಮ," ಎಂದರು ಅವರು. ಕೆಟ್ಟವರಲ್ಲ, ಭಾನುವಾರ ಹತ್ತಿರ ಬರುತ್ತಿತ್ತು, ಅಷ್ಟೇ.

"ಅದು ನಾನು ಒಪ್ಪಿಸಿಕೊಂಡಿದ್ದು ಸರ್. ಅವರು ಒಪ್ಪಿದ್ದಲ್ಲ."

"ಹಾಗಾದ್ರೆ ಬೇಡ ಅಂತ ಅವರ ಕೈಯಲ್ಲಿ ಹೇಳಿಸಿ. ತೆಗೆಸ್ಬಿಡ್ತೀನಿ."

"ಬೇಡ ಅನ್ನೋದನ್ನ ಯಾಕೆ ತರ್ಬೇಕು ಸರ್? ಹೌದು ಅನ್ನೋದು ನಮ್ಮ ಹತ್ರ ಇಲ್ವಲ್ಲ."

"ಶನಿವಾರ ಸಂಜೆವರೆಗೆ ಫ್ಲೆಕ್ಸ್ ಕಟ್ಟಿಸಲ್ಲ," ಎಂದರು ಗಂಗಾಧರ್. "ಏನಾದ್ರೂ ಒಂದು ಗ್ಯಾರಂಟಿ ಮಾಡ್ಕೊಂಡು ಬನ್ನಿ. ಮನೆಯವರು ಖುಷಿಯಾಗಿದ್ದಾರೆ, ಅವರಿಗೆ ಬೇಜಾರು ಮಾಡಿ, ಆಮೇಲೆ ಬೆಟ್ಟಯ್ಯನವರು ಬೇಡ ಅಂದೇ ಇರ್ಲಿಲ್ಲ ಅನ್ನೋ ಹಾಗಾಗ್ಬಾರ್ದು."

ಶನಿವಾರ ಅವಳ ರಜೆ. ಬೆಳಿಗ್ಗೆ ಹತ್ತಕ್ಕೆ ಸ್ಕೂಟರನ್ನು ಡೇರಿಯ ಪಕ್ಕ ನಿಲ್ಲಿಸಿ ಹಸಿರು ಮನೆಗೆ ಹೋದಳು. ಬ್ಯಾಗಿನಲ್ಲಿ ಎರಡು ಕಾರ್ಡು: ಹೌದು ಎಂಬುದಕ್ಕೆ ಹಸಿರು, ಬೇಡ ಎಂಬುದಕ್ಕೆ ಕೆಂಪು. ಎರಡನ್ನೂ ಬೆಟ್ಟಯ್ಯನವರ ಮುಂದಿಟ್ಟು, ಪರದೆಯ ಮೇಲೆ ವಿಡಿಯೋ ತೋರಿಸಲೇ ಎಂದು ಕೇಳಿದಳು. ಅವರ ಎಡಗೈ ಕೆಂಪಿನ ಕಡೆ ಹೊರಟಿತು.

"ಅಪ್ಪಾ, ಹಸಿರು ಮುಟ್ಟಪ್ಪ," ಎಂದ ಹಿಂದೆ ನಿಂತಿದ್ದ ರವೀಶ್.

ಬೆಟ್ಟಯ್ಯ ಮಗನ ಮುಖ ನೋಡಿದರು. ಕೈ ದಾರಿ ಬದಲಿಸಿ ಹಸಿರಿನ ಮೇಲೆ ಕೂತಿತು.

"ರವೀಶ್, ನೀವು ಸ್ವಲ್ಪ ಹೊರಗಿರ್ತೀರಾ?"

"ನಮ್ಮಪ್ಪನ ವಿಷ್ಯ ನಮ್ಗೇ ಗೊತ್ತಾಗ್ಬಾರ್ದಾ ಮೇಡಂ?"

"ಗೊತ್ತಾಗ್ಬೇಕೋ ಬೇಡವೋ ಅನ್ನೋದನ್ನೂ ಅವರೇ ಹೇಳ್ಬೇಕಲ್ವಾ."

ರವೀಶ್ ಹೊರಗೆ ಹೋಗಲಿಲ್ಲ. ಬೇಜಾರಾಗಿ ಬಾಗಿಲಿಗೆ ಒರಗಿ ನಿಂತ. ಅಷ್ಟರಲ್ಲಿ ಅವನನ್ನು ಪಕ್ಕಕ್ಕೆ ಸರಿಸಿಕೊಂಡು ಒಬ್ಬ ದಪ್ಪನೆಯ ಮುದುಕರು ಒಳಗೆ ಬಂದರು. ಗೋವಿಂದರಾಜು, ಮೂವತ್ತು ವರ್ಷ ಬೆಟ್ಟಯ್ಯನವರ ಜೊತೆ ಸಂತೆ ಸುತ್ತಿದ ದಲ್ಲಾಳಿ. ಚಿಕ್ಕಗಂಗಮ್ಮನಿಂದ ಕೇಳಿ ನೇತ್ರಾವತಿ ಪರೀಕ್ಷೆಯ ಹಾಳೆಯಲ್ಲಿ ಬಳಸಿದ್ದು ಇವರ ಹೆಸರನ್ನೇ. ಗೆಳೆಯನ ಮಾತು ಹೋದ ಮೇಲೆ ಇವರು ಈ ಮನೆಗೆ ಬಂದದ್ದು ಇದೇ ಮೊದಲು.

"ಏನ್ಲಾ ಬೆಟ್ಟ," ಎಂದರು ಅವರು ಗೋಡೆಗಳನ್ನು ಸುತ್ತ ನೋಡುತ್ತಾ. "ಬಾಳೆಲೆ ಮ್ಯಾಲೆ ಬಡಿಸಿಟ್ಟಂಗೆ ಕುಂತಿದೀಯಲ್ಲಾ. ಯಾವನ್ಲಾ ಈ ಬಣ್ಣ ಹೊಡ್ಸಿದ್ದು?"

ಚಾಪೆಯ ಮೇಲೆ ಕುಳಿತು, ಅಭ್ಯಾಸಬಲದಿಂದ, ತಮ್ಮ ವಲ್ಲಿಯನ್ನು ಬೆಟ್ಟಯ್ಯನವರ ಎಡಗೈ ಮೇಲೆ ಹಾಕಿ ಅದರೊಳಗೆ ತಮ್ಮ ಕೈ ತೂರಿಸಿದರು. ಸಂತೆಯಲ್ಲಿ ದನದ ಬೆಲೆ ಕುದುರಿಸುವುದು ಹೀಗೆ: ಬಟ್ಟೆಯ ಮರೆಯಲ್ಲಿ, ಬೆರಳು ಹಿಡಿದು, ಸುತ್ತ ನಿಂತವರಿಗೆ ಏನೂ ತಿಳಿಯದಂತೆ. ಎರಡು ಕ್ಷಣ ಕಳೆಯಿತು. ಗೋವಿಂದರಾಜು ತಲೆ ಎತ್ತಿದರು. ಅವರ ಮುಖ ಬದಲಾಗಿತ್ತು.

"ಲೇ ಗಂಗವ್ವ, ಇವ್ನ್ ಮಾತ್ ಓಗೈತೆ ಅಂದ್ರಲ್ಲಾ ಎಲ್ಲಾ. ಎಲ್ಲಿ ಓಗೈತೆ? ಒಳ್ಗೆ ಪಟಪಟ ಅಂತ ಮಾತಾಡ್ತಾವ್ನೆ."

ನೇತ್ರಾವತಿ ಕಾರ್ಡುಗಳನ್ನು ಕೆಳಗಿಟ್ಟಳು. "ಏನು ಮಾತಾಡ್ತಿದ್ದಾರೆ?"

"ಒಂದ್ ಜೊತೆ ಎತ್ತಿಗೆ ಯೋಗ್ಯತೆ ಇಲ್ದಿರೋ ರೇಟು ಕೊಟ್ಟೆ, ಬೇಕಂತ್ಲೇ. ಕೈ ತಳ್ಬುಟ್ಟ." ಅವರು ವಲ್ಲಿಯ ಕೆಳಗಿನ ವ್ಯಾಕರಣವನ್ನು ಅವಳಿಗೆ ವಿವರಿಸಿದರು. ಬೆರಳು ಹಿಡಿದರೆ ಅಂಕಿ. ಅಂಗೈ ಒತ್ತಿದರೆ ಕುದುರಿತು. ಮಣಿಕಟ್ಟನ್ನು ಹಿಂದಕ್ಕೆ ತಳ್ಳಿದರೆ ಕುದುರಲಿಲ್ಲ.

"ಬಾಯಲ್ಲಿ ಆಯ್ತು ಅಂತಾರಲ್ಲ, ಅದು?"

"ಸಂತೇಲಿ ಬಾಯಲ್ಲಿ ಎಲ್ರೂ ಆಯ್ತು ಆಯ್ತು ಅಂತ್ಲೇ ಇರ್ತೀವಿ ಕಣವ್ವ, ಸುತ್ತ ಇರೋರ್ನ ಸಮಾಧಾನ ಮಾಡಾಕೆ. ಅದ್ನ ಯಾರು ಲೆಕ್ಕುಕ್ ತಗತಾರೆ? ವಲ್ಲಿ ಒಳ್ಗೆ ಕೈ ಏನಂತದೋ ಅದೇ ವ್ಯಾಪಾರ."

ನೇತ್ರಾವತಿ ತಾನು ಕೈ ಹಿಡಿಯಬಹುದೇ ಎಂದು ಕೇಳಿದಳು. ಚಿಕ್ಕಗಂಗಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ದನದ್ ವ್ಯಾಪಾರ್ದಾಗೆ ಎಂಗಸ್ರು ಕೈ ಇಡ್ದಿದ್ದ ನಾನಂತೂ ಕಂಡಿಲ್ಲ. ಇಡ್ಕಳಿ, ಇಡ್ಕಳಿ. ನೀವು ಡಾಕ್ಟ್ರಮ್ಮನ ಲೆಕ್ಕ." ಗೋವಿಂದರಾಜು ಎದ್ದು ರವೀಶನ ಭುಜದ ಮೇಲೆ ಕೈ ಹಾಕಿದರು. "ಬಾರ್ಲಾ, ಕಾಪಿ ಕುಡ್ಸು. ಇಬ್ರು ಕೈ ಇಡ್ದಾಗ ಮೂರನೇವ್ನು ಪಕ್ಕದಲ್ ನಿಲ್ಬಾರ್ದು, ನಿಮ್ಮಪ್ಪನೇ ನಂಗೆ ಕಲ್ಸಿದ್ದು." ಈ ಮಾತಿಗೆ ರವೀಶ್ ಹೊರಗೆ ಹೋದ. ಚಿಕ್ಕಗಂಗಮ್ಮನೂ ಅಡುಗೆ ಮನೆಗೆ ಹೋದರು.

ಅವಳು ವಲ್ಲಿಯೊಳಗೆ ಕೈ ಇಟ್ಟಳು. ಬೆಟ್ಟಯ್ಯನವರ ಅಂಗೈ ಒಣಗಿದ ತೆಂಗಿನ ಸಿಪ್ಪೆಯಂತೆ ಒರಟಾಗಿತ್ತು. ಈ ಸಲ ನಾಲ್ಕನೇ ಹಾಳೆಯಿಂದ ಶುರು ಮಾಡಿದಳು.

"ನಿಮ್ಮ ಹೆಸರು ಗೋವಿಂದರಾಜು ಅಲ್ವಾ?"

"ಆಯ್ತು," ಎಂದಿತು ಬಾಯಿ. ಕೆಳಗೆ ಕೈ ಅವಳ ಮಣಿಕಟ್ಟನ್ನು ಹಿಂದಕ್ಕೆ ತಳ್ಳಿತು.

"ನಿಮ್ಮ ಹೆಸರು ಬೆಟ್ಟಯ್ಯ."

"ಆಯ್ತು." ಅಂಗೈ ಒತ್ತಿತು.

ಹತ್ತು ಪ್ರಶ್ನೆ ಕೇಳಿದಳು. ಹತ್ತಕ್ಕೂ ಬಾಯಿ ಆಯ್ತು ಎಂದಿತು, ಹತ್ತಕ್ಕೂ ಕೈ ಸರಿಯಾದ ಉತ್ತರ ಕೊಟ್ಟಿತು. ಆಮೇಲೆ ಮೊದಲ ಹಾಳೆ. ವಿವರ ಬರೆದಿಟ್ಟುಕೊಳ್ಳುವುದಕ್ಕೆ ಅಂಗೈ ತಕ್ಷಣ ಒತ್ತಿತು. ವಿದ್ಯಾರ್ಥಿಗಳಿಗೆ ವಿಡಿಯೋ ತೋರಿಸುವುದಕ್ಕೆ ಸ್ವಲ್ಪ ಹೊತ್ತು ತಡೆದು ಒತ್ತಿತು. ಭಾನುವಾರದ ಪರದೆ ಮತ್ತು ಫ್ಲೆಕ್ಸ್ ಎನ್ನುತ್ತಿದ್ದಂತೆ, ಅವಳು ಪ್ರಶ್ನೆ ಮುಗಿಸುವ ಮೊದಲೇ, ಮಣಿಕಟ್ಟು ನೋಯುವಷ್ಟು ಜೋರಾಗಿ ತಳ್ಳಿತು.

"ಸರಿ," ಎಂದಳು ನೇತ್ರಾವತಿ. "ತೋರಿಸಲ್ಲ. ನಾನು ಅವತ್ತೇ ಸರಿಯಾಗಿ ಕೇಳ್ಬೇಕಿತ್ತು. ತಪ್ಪು ನನ್ನದು."

ಬೆಟ್ಟಯ್ಯ ಕೈ ಬಿಡಲಿಲ್ಲ. ಇನ್ನೂ ಏನೋ ಹೇಳುವುದಿತ್ತು. ವಲ್ಲಿಯಿಂದ ಕೈ ಹೊರತೆಗೆದು ತಮ್ಮ ಕೆಳದುಟಿಯನ್ನು ಬೆರಳಿಂದ ಎಳೆದು ಹಲ್ಲು ತೋರಿಸಿದರು, ಹಲ್ಲಿನ ಮೇಲೆ ಎರಡು ಸಲ ತಟ್ಟಿದರು. ಆಮೇಲೆ ಎರಡು ಬೆರಳು ಎತ್ತಿದರು. ಅವಳಿಗೆ ತಿಳಿಯಲಿಲ್ಲ. "ಗೋವಿಂದರಾಜು ಅವರನ್ನ ಕರೀಲಾ? ಅವರಿಗೆ ಹೇಳಬಹುದಾ?" ಎಂದು ಮತ್ತೆ ಕೈ ಹಿಡಿದು ಕೇಳಿದಳು. ಅಂಗೈ ಒತ್ತಿತು.

ಕಾಫಿ ಲೋಟ ಹಿಡಿದೇ ಬಂದ ಗೋವಿಂದರಾಜು ಬೆಟ್ಟಯ್ಯನವರ ತುಟಿ, ಹಲ್ಲು, ಎರಡು ಬೆರಳು ನೋಡಿದರು. ನೇತ್ರಾವತಿಯ ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೋವನ್ನೂ ತೋರಿಸುವಂತೆ ಬೆಟ್ಟಯ್ಯ ಸನ್ನೆ ಮಾಡಿದರು. ಅದನ್ನು ನೋಡಿದ ಮೇಲೆ ಗೋವಿಂದರಾಜು ಲೋಟ ಕೆಳಗಿಟ್ಟರು.

"ಅಲ್ಲ ಕಣವ್ವ, ಇದೇನಿದು? ಸಂತೇಲಿ ಹಿಂಗ್ ಬಾಯಿ ತೆಗ್ಸಿ ನೋಡೋದು ಎತ್ತಿಂದು. ಹಲ್ ಎಣ್ಸಿ ವಯಸ್ಸು ಯೋಳ್ತೀವಿ. ನಲವತ್ತು ವರ್ಸ ಎತ್ತಿನ್ ಬಾಯಿ ತೆಗ್ದೋನ್ನ ಆ ಸಂತೆಯೋರ್ ಮುಂದೇನೆ ಬಾಯಿ ತೆಗ್ಸಿ ನಿಲ್ಸುದ್ರೆ?"

"ಎರಡು ಬೆರಳು ಅಂದ್ರೆ?"

"ಎರಡ್ ಹಲ್ಲು. ಇನ್ನೂ ಎಳೇದು ಅಂತ. ಕರು ನೇಗ್ಲು ಕಲೀತಾ ಇರೋ ವಯಸ್ಸು. ಬೆಟ್ಟ ಯಾವತ್ತೂ ಎರಡ್ ಹಲ್ಲಿನ್ ದನ ಸಂತೆಗ್ ಹಿಡಿತಿರ್ಲಿಲ್ಲ, ಮನೇಲೇ ಪಳಗ್ಲಿ ಅನ್ನೋನು." ಅವರು ಗೆಳೆಯನ ಕಡೆ ತಿರುಗಿ ವಲ್ಲಿಯೊಳಗೆ ಕೈ ಇಟ್ಟರು. "ನಿನ್ ಮಾತು ಇನ್ನೂ ಎರಡ್ ಹಲ್ಲು ಅಂತಿಯೇನ್ಲಾ? ಹಲ್ಲೆಲ್ಲಾ ಬಂದು ಬಾಯಿಗೂಡ್ಲಿ, ಆಮ್ಯಾಕ್ ನಾನೇ ತತ್ತೀನಿ ಸಂತೆಗೆ ಅಂತಾ?"

"ಆಯ್ತು," ಎಂದರು ಬೆಟ್ಟಯ್ಯ. ವಲ್ಲಿಯೊಳಗೆ ಅಂಗೈ ಒತ್ತಿತ್ತೆಂದು ಗೋವಿಂದರಾಜು ದೃಢಪಡಿಸಿದರು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ರವೀಶ್ ಬಂದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ವಲ್ಲಿಯೊಳಗೆ ತಾನೂ ಕೈ ಇಟ್ಟ. "ಅಪ್ಪಾ, ಒಂದ್ ಕೇಳ್ತೀನಿ. ಈ ಬಣ್ಣ?"

ಮಣಿಕಟ್ಟು ತಳ್ಳಿದ ರಭಸಕ್ಕೆ ಅವನು ಹಿಂದಕ್ಕೆ ವಾಲಿ ನೆಲಕ್ಕೆ ಕೂತ. ಅಡುಗೆ ಮನೆಯಿಂದ ಚಿಕ್ಕಗಂಗಮ್ಮ ನಗುವ ಸದ್ದು ಕೇಳಿಸಿತು. ಆ ಸದ್ದಿಗೆ ಬೆಟ್ಟಯ್ಯನೂ ನಕ್ಕರು. ಸೋಮವಾರದಿಂದೀಚೆಗೆ ಬಾಯಿಗೆ ವಲ್ಲಿ ಅಡ್ಡ ಇಲ್ಲದೆ ಮೊದಲ ಸಲ.

ಗಂಗಾಧರ್‌ಗೆ ನೇತ್ರಾವತಿ ಎರಡೇ ಮಾತು ಹೇಳಿದಳು: ಬೇಡ ಅಂದಿದ್ದಾರೆ, ಗ್ಯಾರಂಟಿ. ಹೇಗೆ ಗೊತ್ತಾಯಿತೆಂದು ಅವರು ಕೇಳಿದರು. ಬೆಟ್ಟಯ್ಯನವರನ್ನು ಕೇಳಿ ಹೇಳುತ್ತೇನೆ ಎಂದಳು. ವಾರ್ಷಿಕೋತ್ಸವ ಬರೀ ಅಕ್ಷರದ ಬ್ಯಾನರಿನಲ್ಲಿ ನಡೆಯಿತು, ಊಟ ಚೆನ್ನಾಗಿತ್ತು, ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಮುಂದಿನ ವಾರ ಸಂಸ್ಥೆಯ ಫೈಲುಗಳಲ್ಲಿ ನಾಲ್ಕನೇ ಹಾಳೆ ಮೊದಲಿಗೆ ಬಂತು, ಒಪ್ಪಿಗೆ ಪತ್ರ ಅದರ ಹಿಂದಕ್ಕೆ ಹೋಯಿತು. ಒಪ್ಪಿಗೆ ಪತ್ರದಲ್ಲಿ ಹೊಸದೊಂದು ಸಾಲೂ ಸೇರಿತು: ಯಾವ ರೀತಿಯಲ್ಲಿ ಉತ್ತರಿಸಿದರು, ಆಗ ಕೋಣೆಯಲ್ಲಿ ಯಾರ್ಯಾರು ಇದ್ದರು?

ಫ್ಲೆಕ್ಸನ್ನು ನೇತ್ರಾವತಿ ಸೋಮವಾರ ಸುತ್ತಿಕೊಂಡು ಗುಬ್ಬಿಗೆ ತಂದಳು. ಕತ್ತರಿಸಿ ಬಿಸಾಡುವುದೆಂದಿದ್ದಳು. ಚಿಕ್ಕಗಂಗಮ್ಮ ಬಿಡಲಿಲ್ಲ. "ಇಂಥ ಗಟ್ಟಿ ಫ್ಲೆಕ್ಸು ಹಾಳ್ ಮಾಡ್ತಾರಾ? ಸೌದೆ ಮ್ಯಾಲ್ ಹೊದ್ಸಾಕ್ ಆಯ್ತದೆ." ನೇತ್ರಾವತಿ ವಲ್ಲಿಯೊಳಗೆ ಕೈ ಇಟ್ಟು ಕೇಳಿದಳು. ಸನ್ನೆಯಲ್ಲಿ ತೋರಿಸಿದ ಒಂದು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು: ಮುಖ ಇರುವ ಭಾಗ ಕತ್ತರಿಸಿ ಒಲೆಗೆ ಹೋಗಬೇಕು. ಹಿತ್ತಲಲ್ಲಿ ಸೌದೆಯ ಮೇಲೆ ಈಗ 'ಮರಳಿ ಬಂತು' ಎಂಬಷ್ಟು ಮಾತ್ರ ಕಾಣುತ್ತದೆ, 'ಮಾತು' ಮಡಿಕೆಯೊಳಗೆ ಹೋಗಿದೆ. ಅವತ್ತು ಬೆಟ್ಟಯ್ಯ ಒಂದರಿಂದ ಹನ್ನೆರಡರವರೆಗೆ ಎಣಿಸಿದರು. ನಾಲ್ಕು ಈಗಲೂ ಕಷ್ಟ.

ಡೇರಿಯ ಬಳಿ ಸ್ಕೂಟರಿಗೆ ಕೀಲಿ ಹಾಕುವಾಗ ಹಾಲು ಹಾಕಲು ಬಂದಿದ್ದ, ಹಸಿರು ಮನೆಯ ಎದುರುಮನೆಯ ಹೆಂಗಸು ಕೈಬೀಸಿ ನಿಲ್ಲಿಸಿ, ಹತ್ತಿರ ಬಂದು ದನಿ ತಗ್ಗಿಸಿದರು.

"ಅವತ್ತು ಕಿಟಕೀಲಿ ಕಂಡೆ ಕಣವ್ವ. ಬೆಟ್ಟಣ್ಣನ್ ಜೊತೆ ವಲ್ಲಿ ಒಳ್ಗೆ ಕೈ ಇಟ್ಟಿದ್ರಿ. ನೀವ್ ಸೀರೆಯೋರು ಅಂದ್ಕಂಡಿದ್ದೆ. ನಮ್ಮನೇಲೂ ಒಂದ್ ಹಸ ಐತೆ, ಕೊಡೋದೈತೆ."

ನೇತ್ರಾವತಿ ಒಂದು ಕ್ಷಣ ಯೋಚಿಸಿದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

"ಎಷ್ಟು ಹಲ್ಲು?" ಎಂದಳು.